ಚಿಬ್ಬಿನಿಂದ ಹುಟ್ಟಿದ ಮುಲಾಮು: ಅಜೆಲಾಯಿಕ್ ಆ್ಯಸಿಡ್ ನಡೆದು ಬಂದ ದಾರಿ

ಬೇಸಿಗೆ ಬಂತೆಂದರೆ ಬೆನ್ನು, ಕುತ್ತಿಗೆ, ತೋಳಿನ ಮೇಲೆ ತಿಳಿಬಣ್ಣದ ಮಚ್ಚೆಗಳು ಏಳುತ್ತವೆ. ಉಗುರಿನಿಂದ ಕೆರೆದರೆ ಸಣ್ಣ ಹೊಟ್ಟು ಉದುರುತ್ತದೆ. ಇದಕ್ಕೆ ನಮ್ಮ ಕಡೆ ಚಿಬ್ಬು ಅನ್ನುತ್ತಾರೆ, ಕೆಲವು ಊರುಗಳಲ್ಲಿ ಸಿಬ್ಬ ಅನ್ನುತ್ತಾರೆ. ನೋವಿಲ್ಲ, ಜ್ವರವಿಲ್ಲ, ಬೆವರಿದಾಗ ಸ್ವಲ್ಪ ತುರಿಕೆ ಅಷ್ಟೇ. ಹಾಗಾಗಿ ಚಿಬ್ಬನ್ನು ಯಾರೂ ರೋಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ಸುಮಾರು 50 ವರ್ಷದ ಹಿಂದೆ ಇಟಲಿಯ ರೋಮ್ ನಗರದಲ್ಲಿ ಇಬ್ಬರು ಸಂಶೋಧಕರು ಇದನ್ನು ಲೆಕ್ಕಕ್ಕೆ ಹಿಡಿದರು. 'ಈ ಮಚ್ಚೆಯ ಜಾಗದಲ್ಲಿ ಚರ್ಮದ ಬಣ್ಣ ಯಾಕೆ ಕಮ್ಮಿಯಾಗುತ್ತದೆ?' ಎಂದು ಕೇಳಿಕೊಂಡರು. ಆ ಒಂದು ಪ್ರಶ್ನೆಯಿಂದಲೇ ಇವತ್ತು ಚರ್ಮದ ಡಾಕ್ಟರುಗಳು ಮೊಡವೆಗೆ, ಬಂಗಿಗೆ ಬರೆದುಕೊಡುವ ಅಜೆಲಾಯಿಕ್ ಆ್ಯಸಿಡ್ ಎಂಬ ಮುಲಾಮು ಹುಟ್ಟಿತು.

ಈ ಇತಿಹಾಸವನ್ನು ಈಗ ಬರೆಯಲು ಕಾರಣವಿದೆ. ನಮ್ಮ ಹಳ್ಳಿಗಳ ಹುಡುಗ ಹುಡುಗಿಯರ ಫೋನಿನಲ್ಲಿ ಈಗ ಈ ಹೆಸರು ಓಡಾಡುತ್ತಿದೆ. 'ಅಜೆಲಾಯಿಕ್ ಹಚ್ಚಿ, ಬೆಳ್ಳಗಾಗಿ' ಎಂದು ಹೇಳುವವರೂ ಇದ್ದಾರೆ. ಇನ್ನೊಂದು ಕಡೆ, ಅದೇ ಮೊಡವೆ, ಅದೇ ಬಂಗಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಮುಲಾಮುಗಳು ಎಷ್ಟೋ ಮುಖಗಳನ್ನು ಹಾಳು ಮಾಡಿವೆ. ಎರಡೂ ಸಣ್ಣ ಟ್ಯೂಬುಗಳೇ, ನೋಡಲು ಒಂದೇ ತರಹ. ಆದರೆ ಅವು ಬಂದ ದಾರಿ ಬೇರೆ, ಮಾಡುವ ಕೆಲಸ ಬೇರೆ. ಅದನ್ನು ತಿಳಿದುಕೊಂಡರೆ ಯಾವುದನ್ನು ಹಚ್ಚಬೇಕು, ಯಾವುದನ್ನು ಮುಟ್ಟಬಾರದು ಎಂಬುದು ತಾನಾಗಿಯೇ ಅರ್ಥವಾಗುತ್ತದೆ.

ಎಣ್ಣೆಯಿಂದ ಬಂದ ಹೆಸರು

ಅಜೆಲಾಯಿಕ್ ಎಂಬ ಹೆಸರು ಹೊಸದಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಆಗಸ್ಟ್ ಲೊರಾಂ 1830ರ ದಶಕದಲ್ಲಿ ಎಣ್ಣೆಯಲ್ಲಿರುವ ಒಂದು ಆಮ್ಲವನ್ನು ನೈಟ್ರಿಕ್ ಆ್ಯಸಿಡ್ ಜೊತೆ ಕಾಯಿಸಿ ಏನೇನು ಬರುತ್ತದೆಂದು ನೋಡುತ್ತಿದ್ದರು. ಆಗ ಸಿಕ್ಕಿದ್ದರಲ್ಲಿ ಇದೂ ಒಂದು. ಹೆಸರಿನ ಮೊದಲ ತುಂಡು ಸಾರಜನಕಕ್ಕಿದ್ದ ಫ್ರೆಂಚ್ ಹೆಸರಿನಿಂದ, ಎರಡನೆಯ ತುಂಡು ಎಣ್ಣೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು.

ಇದನ್ನು ತಯಾರಿಸುವ ಹಳೆಯ ವಿಧಾನ ನಮಗೆ ಇನ್ನೂ ಹತ್ತಿರದ್ದು. ಹೊಲದ ಬದುವಿನಲ್ಲಿ ಬೆಳೆಯುವ ಹರಳು ಗಿಡ ಇದೆಯಲ್ಲ, ಅದರ ಬೀಜದ ಎಣ್ಣೆಯೇ ಮೂಲ ವಸ್ತು. ಹರಳೆಣ್ಣೆಯನ್ನು ಮೊದಲು ಕ್ಷಾರದಲ್ಲಿ ಒಡೆದು, ಆಮೇಲೆ ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕಿದರೆ ಅಜೆಲಾಯಿಕ್ ಆ್ಯಸಿಡ್ ಸಿಗುತ್ತದೆ. ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬಹಳ ಕಾಲ ಹೀಗೇ ಮಾಡುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಎಮರಿ ಕಂಪನಿ ಓಝೋನ್ ಬಳಸಿ ಒಲೆಯಿಕ್ ಆ್ಯಸಿಡ್ಡಿನಿಂದ ಇದನ್ನು ಟನ್ನುಗಟ್ಟಲೆ ತೆಗೆಯತೊಡಗಿತು. ಆಗ ಇದು ಮುಖಕ್ಕೆ ಹಚ್ಚುವ ವಸ್ತುವೇ ಆಗಿರಲಿಲ್ಲ. ಪ್ಲಾಸ್ಟಿಕ್ ಮೆತ್ತಗಾಗಲು, ಯಂತ್ರಗಳ ಗ್ರೀಸಿಗೆ ಬಳಸುತ್ತಿದ್ದರು.

ಗೋಧಿ, ಬಾರ್ಲಿ, ರೈ ಮುಂತಾದ ಧಾನ್ಯಗಳಲ್ಲೂ ಇದು ಸ್ವಲ್ಪ ಇದೆ. ಹಾಗಂತ ಗೋಧಿ ಹಿಟ್ಟು ಕಲಸಿ ಮುಖಕ್ಕೆ ಬಳಿದರೆ, ಹರಳೆಣ್ಣೆ ತಿಕ್ಕಿದರೆ ಮುಲಾಮಿನ ಕೆಲಸ ಆಗುವುದಿಲ್ಲ. ಧಾನ್ಯದಲ್ಲಿರುವುದು ಅತಿ ಕಡಿಮೆ. ಹರಳೆಣ್ಣೆಯಲ್ಲಂತೂ ಅಜೆಲಾಯಿಕ್ ನೇರವಾಗಿ ಇರುವುದೇ ಇಲ್ಲ, ಅದನ್ನು ಒಡೆದು ಮಾಡಬೇಕು. 'ನೈಸರ್ಗಿಕ' ಎಂಬ ಒಂದು ಮಾತು ಹಿಡಿದು ಮಾರುವವರು ಈ ವ್ಯತ್ಯಾಸ ಹೇಳುವುದಿಲ್ಲ.

ರೋಮಿನ ಚರ್ಮದ ಆಸ್ಪತ್ರೆ

ಈಗ ಚಿಬ್ಬಿಗೆ ಬರೋಣ. ಚಿಬ್ಬು ಒಂದು ಶಿಲೀಂಧ್ರದಿಂದ ಬರುತ್ತದೆ ಎಂದು 1846ರಲ್ಲೇ ಜರ್ಮನಿಯ ಐಕ್‌ಸ್ಟೆಟ್ ಗುರುತಿಸಿದ್ದರು. ಅದಕ್ಕೆ ಈಗ ಮಲಸೀಜಿಯಾ ಎನ್ನುತ್ತಾರೆ. ಇದು ಹೊರಗಿನಿಂದ ಬಂದ ಶತ್ರುವಲ್ಲ. ನಮ್ಮ ನಿಮ್ಮೆಲ್ಲರ ಚರ್ಮದ ಮೇಲೂ ಸದಾ ಇರುತ್ತದೆ. ಚರ್ಮದ ಜಿಡ್ಡೇ ಇದರ ಊಟ. ಸೆಕೆ, ಬೆವರು, ಜಿಡ್ಡು ಹೆಚ್ಚಾದಾಗ ಇದೂ ಹೆಚ್ಚಾಗಿ ಬೆಳೆದು ಚಿಬ್ಬಾಗುತ್ತದೆ. ಸ್ನಾನ ಮಾಡದವರಿಗೆ ಚಿಬ್ಬು ಬರುತ್ತದೆ ಎಂಬ ಮಾತು ಸರಿಯಲ್ಲ. ದಿನಾ ಸ್ನಾನ ಮಾಡುವವರಿಗೂ ಬರುತ್ತದೆ.

ರೋಮಿನಲ್ಲಿ ಸ್ಯಾನ್ ಗಲ್ಲಿಕಾನೊ ಎಂಬ ಆಸ್ಪತ್ರೆ ಇದೆ. 1725ರಲ್ಲಿ ಪೋಪ್ 13ನೇ ಬೆನೆಡಿಕ್ಟ್ ಅದನ್ನು ಚರ್ಮರೋಗದ ಬಡವರಿಗೆಂದೇ ಕಟ್ಟಿಸಲು ಶುರು ಮಾಡಿದ್ದು. ಕುಷ್ಠ, ಕಜ್ಜಿ, ತಲೆಯ ಹುಳುಕಡ್ಡಿ ಎಂದು ಊರಿನವರು ದೂರ ಇಟ್ಟವರು ಅಲ್ಲಿಗೆ ಬರುತ್ತಿದ್ದರು. 1970ರ ದಶಕದಲ್ಲಿ ಅದೇ ಸಂಸ್ಥೆಯಲ್ಲಿ ಮಾರ್ಚೆಲ್ಲಾ ನಜ್ಜಾರೊ ಪೊರ್ರೊ ಎಂಬ ವೈದ್ಯೆ ಮತ್ತು ಸಿರೊ ಪಾಸ್ಸಿ ಎಂಬ ಸಂಶೋಧಕರು ಕೆಲಸ ಮಾಡುತ್ತಿದ್ದರು.

ಅವರು ಚಿಬ್ಬಿನ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಎಣ್ಣೆಯ ಆಮ್ಲಗಳನ್ನು ಉಣಿಸಿ ಬೆಳೆಸಿದರು. ಅದು ಆ ಆಮ್ಲಗಳನ್ನು ತಿಂದು ಬೇರೆ ಸಣ್ಣ ಆಮ್ಲಗಳನ್ನು ಹೊರಗೆ ಬಿಡುತ್ತಿತ್ತು. ಅವುಗಳಲ್ಲಿ ಒಂದು, ಒಂಬತ್ತು ಇಂಗಾಲದ ಅಜೆಲಾಯಿಕ್ ಆ್ಯಸಿಡ್. ಈ ಆಮ್ಲಗಳು ಚರ್ಮಕ್ಕೆ ಬಣ್ಣ ಕೊಡುವ ಟೈರೋಸಿನೇಸ್ ಎಂಬ ಕಿಣ್ವದ ಕೆಲಸವನ್ನು ತಡೆಯುತ್ತವೆ ಎಂದು 1978ರಲ್ಲಿ ಅವರು ಪ್ರಕಟಿಸಿದರು.

ಈ ಕಿಣ್ವವನ್ನು ಅಡುಗೆಮನೆಯಲ್ಲೇ ಅರ್ಥ ಮಾಡಿಕೊಳ್ಳಬಹುದು. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಇಟ್ಟರೆ ಕಪ್ಪಾಗುತ್ತದೆ. ಹಾಗೆ ಕಪ್ಪು ಮಾಡುವುದು ಅದರೊಳಗಿನ ಒಂದು ಕಿಣ್ವ. ಅದೇ ಬಳಗದ ಕಿಣ್ವ ನಮ್ಮ ಚರ್ಮದಲ್ಲೂ ಇದೆ. ಅದು ಮೆಲನಿನ್ ಎಂಬ ಕಂದುಬಣ್ಣವನ್ನು ತಯಾರಿಸುತ್ತದೆ. ಆ ಬಣ್ಣವೇ ನಮ್ಮನ್ನು ಬಿಸಿಲಿನಿಂದ ಕಾಯುವ ಕೊಡೆ. ಕೆಲವೊಮ್ಮೆ ಒಂದೇ ಜಾಗದಲ್ಲಿ ಬಣ್ಣ ವಿಪರೀತ ತಯಾರಾದರೆ ಅದು ಬಂಗು, ಕಲೆ ಆಗುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಇದೆ. ಚಿಬ್ಬಿನ ಬಿಳಿಮಚ್ಚೆಗೆ ಅಜೆಲಾಯಿಕ್ ಆ್ಯಸಿಡ್ಡೇ ಕಾರಣ ಎಂಬ ಆ ಮೊದಲ ವಾದವನ್ನು ಮುಂದೆ ಬೇರೆ ವಿಜ್ಞಾನಿಗಳು ಪೂರ್ತಿ ಒಪ್ಪಲಿಲ್ಲ. ಶಿಲೀಂಧ್ರ ಬಿಡುವ ಬೇರೆ ವಸ್ತುಗಳ ಪಾತ್ರವೂ ಇದೆ ಎಂದರು. ಹುಡುಕಲು ಹೊರಟ ಉತ್ತರ ಗಟ್ಟಿಯಾಗಿ ನಿಲ್ಲಲಿಲ್ಲ. ದಾರಿಯಲ್ಲಿ ಸಿಕ್ಕ ಆಮ್ಲ ಮಾತ್ರ ಉಳಿಯಿತು.

ಕ್ಯಾನ್ಸರಿಗೆ ಹಚ್ಚಿದ್ದು, ಮೊಡವೆಗೆ ತಾಗಿದ್ದು

ರೋಮಿನ ಸಂಶೋಧಕರಿಗೆ ಮೊದಲು ಹೊಳೆದದ್ದು ಮೊಡವೆಯಲ್ಲ. ಬಣ್ಣ ತಯಾರಿಸುವ ಜೀವಕೋಶಗಳು ಹದ್ದು ಮೀರಿದಾಗ ಬರುವ ರೋಗಗಳಿಗೆ ಇದು ಆಗಬಹುದೇ ಎಂದು ನೋಡಿದರು. ಬಿಳಿಚರ್ಮದ ವಯಸ್ಸಾದವರ ಮುಖದಲ್ಲಿ ಒಂದು ರೀತಿಯ ಕಪ್ಪು ಮಚ್ಚೆ ಬರುತ್ತದೆ. ಅದು ಚರ್ಮದ ಕ್ಯಾನ್ಸರಿನ ಮೊದಲ ಮೆಟ್ಟಿಲು. ಅದರ ಮೇಲೆ ಈ ಆಮ್ಲದ ಕ್ರೀಮ್ ಹಚ್ಚಿ ನೋಡಿ 1979ರಲ್ಲಿ ವರದಿ ಮಾಡಿದರು. ಆಗ ದೊಡ್ಡ ಆಸೆ ಹುಟ್ಟಿತ್ತು. ಆದರೆ ಕ್ಯಾನ್ಸರ್ ಚಿಕಿತ್ಸೆಯಾಗಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ.

ಆದರೆ ಬಣ್ಣದ ಕಲೆಗೆಂದು ಕ್ರೀಮ್ ಹಚ್ಚಿಕೊಂಡವರಲ್ಲಿ ಮೊಡವೆ ಇದ್ದವರಿಗೆ ಮೊಡವೆಯೂ ಕಡಿಮೆಯಾಗುತ್ತಿತ್ತು. ಯಾರೂ ಎಣಿಸಿರಲಿಲ್ಲ. ನಜ್ಜಾರೊ ಪೊರ್ರೊ ತಂಡ ಅದನ್ನು ಹಿಂಬಾಲಿಸಿ, 1983ರಲ್ಲಿ ಬ್ರಿಟನ್ನಿನ ಚರ್ಮರೋಗ ಪತ್ರಿಕೆಯಲ್ಲಿ ಶೇ 15ರ ಕ್ರೀಮ್ ಮೊಡವೆಗೆ ಗುಣ ಕೊಡುತ್ತದೆ ಎಂದು ಬರೆಯಿತು.

ಮೊಡವೆಯಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ? ಕೂದಲಿನ ಬುಡದ ಸಣ್ಣ ರಂಧ್ರ ಸತ್ತ ಚರ್ಮದಿಂದ ಮುಚ್ಚಿಕೊಂಡರೆ ಒಳಗೆ ಜಿಡ್ಡು ಕಟ್ಟಿಕೊಳ್ಳುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೆಂಪಾಗಿ ಊದುತ್ತದೆ. ಅಜೆಲಾಯಿಕ್ ಆ ರಂಧ್ರ ಮುಚ್ಚಿಕೊಳ್ಳದಂತೆ ನೋಡುತ್ತದೆ, ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ಉರಿಯೂತ ಕಡಿಮೆ ಮಾಡುತ್ತದೆ. ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆಯನ್ನೂ ನಿಧಾನವಾಗಿ ತಿಳಿ ಮಾಡುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ಮೊಡವೆಗಿಂತ ಅದರ ಕಲೆಯದೇ ಹೆಚ್ಚಿನ ಚಿಂತೆ. ಹಾಗಾಗಿ ಈ ಗುಣ ನಮಗೆ ಹೆಚ್ಚು ಬೇಕಾದದ್ದು.

1980ರ ದಶಕದ ಕೊನೆಗೆ ಜರ್ಮನಿಯ ಶೆರಿಂಗ್ ಕಂಪನಿಯ ಮೂಲಕ ಇದು ಯುರೋಪಿನ ಔಷಧ ಅಂಗಡಿಗಳಿಗೆ ಬಂತು. 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಶೇ 20ರ ಕ್ರೀಮನ್ನು ಮೊಡವೆಗೆ ಒಪ್ಪಿತು. 2002ರಲ್ಲಿ ಶೇ 15ರ ಜೆಲ್ ಅನ್ನು ರೊಸೇಸಿಯಾ ಎಂಬ, ಮುಖ ಕೆಂಪಾಗಿ ಗುಳ್ಳೆ ಏಳುವ ತೊಂದರೆಗೆ ಒಪ್ಪಿತು. ಗ್ರೀಸಿಗೆ ಸೇರುತ್ತಿದ್ದ ವಸ್ತು ಹೀಗೆ ಔಷಧವಾಯಿತು.

ಕೈಗವಸಿನಿಂದ ಬಂದ ಇನ್ನೊಂದು ದಾರಿ

ಇದೇ ಕಾಲದಲ್ಲಿ ಬೇರೆ ದಾರಿಯಲ್ಲಿ ಬೇರೆ ಕ್ರೀಮುಗಳು ಬೆಳೆದವು. ಆ ಕಥೆ ಹೇಳದೆ ಈ ಕಥೆ ಪೂರ್ತಿಯಾಗದು.

1939ರಲ್ಲಿ ಅಮೆರಿಕದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯ ಕೆಲಸಗಾರರ ಕೈಗಳಲ್ಲಿ ಬಿಳಿ ಮಚ್ಚೆಗಳು ಕಾಣಿಸಿಕೊಂಡವು, ತೊನ್ನಿನ ಹಾಗೆ. ಕಾರಣ ಹುಡುಕಿದಾಗ ಅದು ಅವರು ಹಾಕಿಕೊಳ್ಳುತ್ತಿದ್ದ ರಬ್ಬರ್ ಕೈಗವಸಿನಲ್ಲಿತ್ತು. ರಬ್ಬರ್ ಬೇಗ ಹಾಳಾಗದಿರಲಿ ಎಂದು ಬೆರೆಸಿದ್ದ ರಾಸಾಯನಿಕ ಚರ್ಮದ ಬಣ್ಣವನ್ನೇ ಅಳಿಸಿತ್ತು. ಅದರ ಹತ್ತಿರದ ಸಂಬಂಧಿ ಹೈಡ್ರೋಕ್ವಿನೋನ್. 1960ರ ದಶಕದಲ್ಲಿ ಅದು ಕಲೆ ತೆಗೆಯುವ ಕ್ರೀಮಾಗಿ ಹೆಸರು ಮಾಡಿತು. ಕೆಲಸಗಾರರ ಕೈ ಕೆಟ್ಟದ್ದು ಮಾರುಕಟ್ಟೆಗೆ ಒಂದು ಸುಳಿವಾಯಿತು.

1975 ಈ ಕಥೆಯಲ್ಲಿ ಮುಖ್ಯ ವರ್ಷ. ಆ ವರ್ಷ ಅಮೆರಿಕದ ವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ತಮ್ಮ ಸಹೋದ್ಯೋಗಿ ಜೊತೆ ಒಂದು ಮಿಶ್ರಣ ಪ್ರಕಟಿಸಿದರು. ಅದರಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಜೊತೆಗೆ ಒಂದು ಸ್ಟೀರಾಯ್ಡ್, ಹೀಗೆ ಮೂರು ಇದ್ದವು. ಅದೇ ವರ್ಷ ದಕ್ಷಿಣ ಆಫ್ರಿಕಾದ ವೈದ್ಯರು ಇನ್ನೊಂದು ವರದಿ ಕೊಟ್ಟರು. ಬಲವಾದ ಹೈಡ್ರೋಕ್ವಿನೋನ್ ಕ್ರೀಮನ್ನು ವರ್ಷಗಟ್ಟಲೆ ಹಚ್ಚಿದ ಕಪ್ಪು ಮಹಿಳೆಯರ ಮುಖದಲ್ಲಿ ನೀಲಿಗಪ್ಪು ಬಣ್ಣ ಕೂತುಬಿಟ್ಟಿತ್ತು. ಬೆಳ್ಳಗಾಗಲು ಹಚ್ಚಿದ್ದರಿಂದಲೇ ಹೋಗದ ಕಪ್ಪು ಬಂದಿತ್ತು. ಅದೇ 1975ರಲ್ಲಿ ನಮ್ಮ ದೇಶದಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂತು. ಅದು ಬೇರೆ ರೀತಿಯ ಕ್ರೀಮ್. ಅದರಲ್ಲಿ ಈ ಔಷಧಗಳಿರಲಿಲ್ಲ. ಆದರೆ ಬಿಳಿ ಬಣ್ಣವೇ ಚೆಂದ, ಅದನ್ನು ಟ್ಯೂಬಿನಲ್ಲಿ ಕೊಳ್ಳಬಹುದು ಎಂಬ ಆಸೆ ಜಾಹೀರಾತಿನ ಮೂಲಕ ಹಳ್ಳಿ ಹಳ್ಳಿಗೆ ತಲುಪಿತು. 2020ರಲ್ಲಿ ಆ ಹೆಸರಿನಿಂದ 'ಫೇರ್' ಪದ ತೆಗೆದು 'ಗ್ಲೋ' ಎಂದು ಮಾಡಿದರು. ಹೆಸರು ಬದಲಾದಷ್ಟು ಬೇಗ ಆಸೆ ಬದಲಾಗುವುದಿಲ್ಲ.

ಹೈಡ್ರೋಕ್ವಿನೋನ್ ಕೆಟ್ಟ ಔಷಧ ಎಂದು ನಾವು ಹೇಳುತ್ತಿಲ್ಲ. ಡಾಕ್ಟರ ಕಣ್ಣೆದುರು, ಕೆಲವು ತಿಂಗಳ ಮಟ್ಟಿಗೆ ಬಳಸಿದರೆ ಬಂಗಿಗೆ ಅದು ಒಳ್ಳೆಯ ಔಷಧವೇ. ಆದರೆ ಯಾರೂ ನೋಡದೆ ವರ್ಷಗಟ್ಟಲೆ ಹಚ್ಚುವ ವಸ್ತು ಅದಲ್ಲ. ಅದಕ್ಕೇ ದಕ್ಷಿಣ ಆಫ್ರಿಕಾ, ಆಮೇಲೆ ಐರೋಪ್ಯ ಒಕ್ಕೂಟ ಅದನ್ನು ಸೌಂದರ್ಯದ ಕ್ರೀಮುಗಳಲ್ಲಿ ನಿಷೇಧಿಸಿದವು.

ಈ ಹೊತ್ತಿನಲ್ಲಿ ಅಜೆಲಾಯಿಕ್ ಕೂಡ ಬಂಗಿನ ಪರೀಕ್ಷೆಗೆ ಇಳಿಯಿತು. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 329 ಮಹಿಳೆಯರು ಇದ್ದರು. ಕೆಲವರಿಗೆ ಶೇ 20ರ ಅಜೆಲಾಯಿಕ್, ಕೆಲವರಿಗೆ ಶೇ 4ರ ಹೈಡ್ರೋಕ್ವಿನೋನ್. ಯಾರಿಗೆ ಯಾವುದು ಎಂದು ಹಚ್ಚುವವರಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಎಲ್ಲರಿಗೂ ಬಿಸಿಲು ತಡೆಯುವ ಕ್ರೀಮ್ ಕೊಟ್ಟಿದ್ದರು. 24 ವಾರ ಆದ ಮೇಲೆ ಅಜೆಲಾಯಿಕ್ ಹಚ್ಚಿದವರಲ್ಲಿ ಶೇ 65 ಜನರಿಗೆ ಒಳ್ಳೆಯ ಗುಣ ಕಂಡಿತ್ತು. ಎರಡು ಔಷಧಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ ಎರಡು ವಿಷಯ ನೆನಪಿಟ್ಟುಕೊಳ್ಳಿ. ಒಂದು, 24 ವಾರ. ಅಂದರೆ ಹತ್ತಿರ ಹತ್ತಿರ ಆರು ತಿಂಗಳು. ಎರಡು, ಅಜೆಲಾಯಿಕ್ ಹೆಚ್ಚಾಗಿ ಕೆಲಸ ಮಾಡುವುದು ಅತಿಯಾಗಿ ಬಣ್ಣ ತಯಾರಿಸುತ್ತಿರುವ ಜೀವಕೋಶಗಳ ಮೇಲೆ. ಸಹಜವಾಗಿರುವ ಚರ್ಮದ ಬಣ್ಣವನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ. ಕಲೆಯನ್ನು ಸುತ್ತಲಿನ ಚರ್ಮದ ಬಣ್ಣಕ್ಕೆ ತರುವುದು ಅದರ ಕೆಲಸ. ಎಣ್ಣೆಗೆಂಪು ಇರುವವರನ್ನು ಹಾಲುಬಿಳಿ ಮಾಡುವುದು ಅದರ ಕೆಲಸವಲ್ಲ. 'ಹಚ್ಚಿ, ಬೆಳ್ಳಗಾಗಿ' ಎಂದು ಯಾರಾದರೂ ಹೇಳಿದರೆ ಅವರಿಗೆ ಈ ಔಷಧ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ.

ನಮ್ಮ ಮೆಡಿಕಲ್ ಶಾಪಿನ ಕಟ್ಟೆ

ಸಂತೆಯ ದಿನ ತಾಲ್ಲೂಕು ಕೇಂದ್ರದ ಯಾವುದೇ ಮೆಡಿಕಲ್ ಶಾಪಿನ ಮುಂದೆ ಅರ್ಧ ಗಂಟೆ ನಿಂತರೆ ನಾವು ಹೇಳುವುದು ನಿಮಗೂ ಕಾಣುತ್ತದೆ. 'ಅಣ್ಣಾ, ಬಂಗಿಗೆ ಏನಾದ್ರೂ ಕೊಡಿ.' 'ಹೋದ ಸಲದ್ದೇ ಕೊಡ್ಲಾ ಅಕ್ಕಾ?' ಇಷ್ಟೇ ಮಾತು. ಚೀಟಿ ಇಲ್ಲ, ಪ್ರಶ್ನೆ ಇಲ್ಲ. ಟ್ಯೂಬು ಕೈ ಬದಲಾಗುತ್ತದೆ. ಅಕ್ಕ ಹಚ್ಚಿದ್ದನ್ನು ತಂಗಿ ಹಚ್ಚುತ್ತಾಳೆ, ಮದುವೆ ಗೊತ್ತಾದ ಹುಡುಗಿಗೆ ಅತ್ತಿಗೆ ತಂದುಕೊಡುತ್ತಾಳೆ. ಗಡ್ಡ ಹೆರೆದ ಮೇಲೆ ಹಚ್ಚಿಕೊಳ್ಳುವ ಗಂಡಸರೂ ಇದ್ದಾರೆ.

ಆ ಟ್ಯೂಬುಗಳಲ್ಲಿ ಹೆಚ್ಚಿನವು ಕ್ಲಿಗ್‌ಮನ್ ಮಿಶ್ರಣದ ಮೊಮ್ಮಕ್ಕಳು. ಸ್ಟೀರಾಯ್ಡ್ ಇರುವುದರಿಂದ ವಾರದಲ್ಲೇ ಮುಖ ತಿಳಿಯಾದಂತೆ ಕಾಣುತ್ತದೆ. ಆ ವೇಗವೇ ಮೋಸ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಹೆಂಗಸರ ಮುಖದಲ್ಲೂ ಕೂದಲು ಹೆಚ್ಚುತ್ತದೆ, ಮೊಡವೆ ಮತ್ತೆ ಏಳುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ. ಉರಿ ತಡೆಯಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಕುಡಿತದ ಚಟದ ಹಾಗೆ ಇದೂ ಒಂದು ಚಟವಾಗುತ್ತದೆ.

ಇದು ನಮ್ಮ ಒಂದು ತಾಲ್ಲೂಕಿನ ಮಾತಲ್ಲ. 2011ರಲ್ಲಿ ಭಾರತದ ಚರ್ಮವೈದ್ಯರು ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆ ಹೇಳಿಕೊಂಡು ಬಂದ 2926 ರೋಗಿಗಳನ್ನು ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 257 ಜನರಿಗೆ ಅದನ್ನು ಹೇಳಿದ್ದು ಡಾಕ್ಟರಲ್ಲ, ಬೇರೆಯವರು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಶೆಡ್ಯೂಲ್ ಹೆಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಬಂತು. ಅಂಗಡಿಯ ಕಟ್ಟೆಗೆ ಅದು ಇನ್ನೂ ಪೂರ್ತಿ ಇಳಿದಿಲ್ಲ.

ಹಾಗಾಗಿ ಟ್ಯೂಬು ಕೊಳ್ಳುವಾಗ ಅದರ ಮೇಲಿನ ಸಣ್ಣ ಅಕ್ಷರ ಓದಿಸಿ. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್, ಫ್ಲೂಸಿನೊಲೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್. ಡಾಕ್ಟರ್ ಹೇಳದೆ ಅದು ಮುಖಕ್ಕೆ ಬೇಡ. ಹುಳುಕಡ್ಡಿಗೂ ಬೇಡ. ತುರಿಕೆ ನಿಂತಂತೆ ಕಂಡರೂ ಒಳಗೆ ಹುಳುಕಡ್ಡಿ ಹಬ್ಬುತ್ತದೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ, ಟ್ಯೂಬನ್ನೂ ತೆಗೆದುಕೊಂಡು ಹೋಗಿ ತೋರಿಸಿ. ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.

ಹಚ್ಚುವುದಾದರೆ ಹೇಗೆ

ಡಾಕ್ಟರ್ ನೋಡಿ ಅಜೆಲಾಯಿಕ್ ಬರೆದುಕೊಟ್ಟರು ಎಂದುಕೊಳ್ಳಿ. ಶೇ 10, 15, 20 ಹೀಗೆ ಬೇರೆ ಬೇರೆ ಬಲದಲ್ಲಿ ಬರುತ್ತದೆ. ಮುಖವನ್ನು ಮೆದುವಾದ ಸೋಪಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಲು ಬಿಡಿ. ಕಡಲೆಕಾಳಿನಷ್ಟು ತೆಗೆದುಕೊಂಡು ತೆಳುವಾಗಿ ಹಚ್ಚಿ. ಕಣ್ಣು, ತುಟಿ, ಮೂಗಿನ ಒಳಭಾಗಕ್ಕೆ ತಾಗದಿರಲಿ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಹೇಳುತ್ತಾರೆ. ಚರ್ಮ ಒಗ್ಗುವವರೆಗೆ ಮೊದಲ ವಾರ ರಾತ್ರಿ ಒಂದೇ ಸಲ ಹಚ್ಚಲು ಹೇಳುವ ಡಾಕ್ಟರೂ ಇದ್ದಾರೆ.

ಮೊದಮೊದಲು ಚುರುಚುರು ಅನ್ನುತ್ತದೆ, ಸ್ವಲ್ಪ ತುರಿಸುತ್ತದೆ, ಚರ್ಮ ಒಣಗುತ್ತದೆ. ಕೆಲವು ವಾರದಲ್ಲಿ ಅದು ತಗ್ಗುತ್ತದೆ. ಉರಿ ಹೆಚ್ಚಾಗಿ ಮುಖ ಊದಿಕೊಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಸಹಜ ಚರ್ಮವೂ ಬೆಳ್ಳಗೆ ಮಚ್ಚೆಯಾದಂತೆ ಕಂಡರೂ ಹೋಗಿ. ನಮ್ಮಂಥ ಕಂದು ಚರ್ಮದಲ್ಲಿ ಅಪರೂಪಕ್ಕೆ ಹಾಗಾಗುವುದುಂಟು. ಉಬ್ಬಸ ಇರುವವರು ಅದನ್ನು ಮೊದಲೇ ಹೇಳಿ. ಚಿಕ್ಕ ಮಕ್ಕಳಿಗೆ ನೀವಾಗಿಯೇ ಹಚ್ಚಬೇಡಿ.

ಗರ್ಭಿಣಿಯರ ವಿಷಯ ಬೇರೆಯಾಗಿ ಹೇಳಬೇಕು. ಬಂಗು ಎಷ್ಟೋ ಹೆಂಗಸರಿಗೆ ಬಸುರಿನಲ್ಲೇ ಶುರುವಾಗುತ್ತದೆ. ಆಗ ಟ್ರೆಟಿನೊಯಿನ್, ಹೈಡ್ರೋಕ್ವಿನೋನ್ ಎರಡನ್ನೂ ವೈದ್ಯರು ಬೇಡ ಅನ್ನುತ್ತಾರೆ. ಹಚ್ಚಿದ ಅಜೆಲಾಯಿಕ್‌ನಲ್ಲಿ ಸುಮಾರು ಶೇ 4 ಮಾತ್ರ ಮೈಯೊಳಗೆ ಸೇರುತ್ತದೆ. ಅದೂ ನಾವು ಉಣ್ಣುವ ಧಾನ್ಯದಲ್ಲಿ ಇರುವ ವಸ್ತುವೇ. ಹಾಗಾಗಿ ಬಸುರಿಯರಿಗೆ ಇರುವ ಸುರಕ್ಷಿತ ದಾರಿಗಳಲ್ಲಿ ಇದನ್ನು ಎಣಿಸುತ್ತಾರೆ. ಆದರೂ ನಿಮ್ಮನ್ನು ನೋಡುವ ಡಾಕ್ಟರನ್ನು ಕೇಳಿಯೇ ಹಚ್ಚಿ. ಹೆರಿಗೆಯ ನಂತರ ಬಂಗು ತಾನಾಗಿ ತಿಳಿಯಾಗುವುದೂ ಉಂಟು.

ಮೊಡವೆಗೆ ಮೂರು ತಿಂಗಳು, ಬಂಗಿಗೆ ಆರು ತಿಂಗಳು ತಾಳ್ಮೆ ಬೇಕು. ಬಿಸಿಲನ್ನು ತಡೆಯದಿದ್ದರೆ ಯಾವ ಮುಲಾಮೂ ಬಂಗಿಗೆ ನಿಲ್ಲುವುದಿಲ್ಲ. ಕಳೆ ಕೀಳಲು, ನಾಟಿಗೆ ಹೋಗುವವರಿಗೆ ಬಿಸಿಲು ಬಿಟ್ಟು ಇರಿ ಎಂದು ಹೇಳುವುದು ಸುಲಭ, ಇರುವುದು ಕಷ್ಟ. ಸನ್‌ಸ್ಕ್ರೀನ್ ಆದರೆ ಹಚ್ಚಿ. ಆಗದಿದ್ದರೆ ತಲೆಯಿಂದ ಕೆನ್ನೆ ಮುಚ್ಚುವ ಹಾಗೆ ಸೆರಗು ಅಥವಾ ಟವೆಲ್ ಕಟ್ಟಿ, ಅಗಲ ಅಂಚಿನ ಟೋಪಿ ಹಾಕಿ. ನಿಂಬೆರಸ ಹಚ್ಚಿ ಬಿಸಿಲಿಗೆ ಮಾತ್ರ ಹೋಗಬೇಡಿ. ಅದು ಚರ್ಮವನ್ನು ಸುಟ್ಟು ಇನ್ನಷ್ಟು ಕಪ್ಪು ಮಾಡುತ್ತದೆ.

ಚಿಬ್ಬಿಗೆ ಮಾತ್ರ ಈ ಮುಲಾಮು ಔಷಧವಲ್ಲ. ಅದಕ್ಕೆ ಶಿಲೀಂಧ್ರ ಕೊಲ್ಲುವ ಬೇರೆ ಮುಲಾಮು, ಶಾಂಪೂ ಇವೆ. ರೋಗ ಹೋದ ಮೇಲೂ ಬಣ್ಣ ತುಂಬಲು ಕೆಲವು ತಿಂಗಳು ಹಿಡಿಯುತ್ತದೆ, ಹೆದರಬೇಡಿ. ಆದರೆ ತಿಳಿಬಣ್ಣದ ಮಚ್ಚೆಯ ಜಾಗದಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಜೋಮು ಹಿಡಿದಂತಿದ್ದರೆ ಅದು ಕುಷ್ಠ ಇರಬಹುದು. ಚಿಬ್ಬು ಎಂದು ಸುಮ್ಮನಿರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಔಷಧ ಉಚಿತ, ಬೇಗ ಹೋದರೆ ಅಂಗ ಊನವಾಗದೆ ಪೂರ್ತಿ ಗುಣವಾಗುತ್ತದೆ.

ಗಿಡದೊಳಗೂ ಇದೇ ಆಮ್ಲ

ರೈತರಿಗೆ ಇಷ್ಟವಾಗುವ ಒಂದು ಸಂಗತಿ ಇನ್ನೂ ಇದೆ. 2009ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಸಾಸಿವೆಯ ಬಳಗದ ಒಂದು ಪುಟ್ಟ ಗಿಡದಲ್ಲಿ ಇದೇ ಅಜೆಲಾಯಿಕ್ ಆ್ಯಸಿಡ್ ಕಂಡರು. ಒಂದು ಎಲೆಗೆ ಬ್ಯಾಕ್ಟೀರಿಯಾ ತಗುಲಿದರೆ ಗಿಡದ ರಸದಲ್ಲಿ ಈ ಆಮ್ಲ ಹೆಚ್ಚುತ್ತದೆ. ಆಗ ರೋಗ ತಗುಲದ ಎಲೆಗಳೂ ಮುಂದಿನ ದಾಳಿಗೆ ಸಜ್ಜಾಗಿ ನಿಲ್ಲುತ್ತವೆ. ಊರಿನ ಒಂದು ತುದಿಯಲ್ಲಿ ಕಳ್ಳ ಹೊಕ್ಕರೆ ಇನ್ನೊಂದು ತುದಿಯವರು ದೊಣ್ಣೆ ಹಿಡಿದು ಎಚ್ಚರ ಇರುವಂತೆ. ಹಾಗಂತ ಮುಖದ ಟ್ಯೂಬನ್ನು ಟೊಮೆಟೊ ಗಿಡಕ್ಕೆ ಬಳಿಯಲು ಹೋಗಬೇಡಿ, ನಾವು ಹೇಳಿದ್ದು ಅದಲ್ಲ.

ಒಟ್ಟು ಲೆಕ್ಕ ಹಾಕಿದರೆ ಈ ಆಮ್ಲ ಸುಮಾರು 190 ವರ್ಷದಿಂದ ಮನುಷ್ಯರಿಗೆ ಗೊತ್ತಿದೆ. ಎಣ್ಣೆಯ ಪ್ರಯೋಗದಲ್ಲಿ ಸಿಕ್ಕಿತು, ಗ್ರೀಸಿನಲ್ಲಿ ದುಡಿಯಿತು, ಬಡವರ ಚರ್ಮದ ಆಸ್ಪತ್ರೆಯಲ್ಲಿ ಔಷಧವಾಯಿತು. ವಾರದಲ್ಲಿ ಬೆಳ್ಳಗೆ ಮಾಡುತ್ತೇನೆಂಬ ಮಾತು ಅದರ ಇತಿಹಾಸದಲ್ಲಿ ಎಲ್ಲೂ ಇಲ್ಲ. ನಮ್ಮ ಹೆಣ್ಣುಮಕ್ಕಳು, ಗಂಡುಮಕ್ಕಳು ಮುಖದ ಕಲೆಯೊಂದಕ್ಕೆ ನಾಚಿಕೊಂಡು ಯಾರಿಗೂ ಹೇಳದೆ ಸ್ಟೀರಾಯ್ಡ್ ಟ್ಯೂಬಿಗೆ ಕೈ ಹಾಕುವುದನ್ನು ನಾವು ದಿನಾ ನೋಡುತ್ತಿದ್ದೇವೆ. ಬಂಗು, ಮೊಡವೆ, ಚಿಬ್ಬು ಯಾವುದೂ ತಪ್ಪಲ್ಲ, ಪಾಪವಲ್ಲ. ಜ್ವರ ಬಂದರೆ ಹೇಗೆ ಡಾಕ್ಟರ ಹತ್ತಿರ ಹೋಗುತ್ತೇವೋ ಇದಕ್ಕೂ ಹಾಗೇ ಹೋಗಬೇಕು.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಮನೆಯ ಕನ್ನಡಿಯ ಹಿಂದೆ, ಗೂಡಿನಲ್ಲಿ ಇಟ್ಟಿರುವ ಮುಲಾಮಿನ ಟ್ಯೂಬನ್ನು ತೆಗೆದು ಅದರ ಮೇಲಿನ ಹೆಸರನ್ನು ಒಮ್ಮೆ ಓದಿ.